ಉಗುಳು ಒಲ್ಲದ ಅಂದಾನೆಪ್ಪ

ಅಂದಾನೆಪ್ಪನವರಷ್ಟು ಸೊಗಸಾಗಿ ಕೆಮ್ಮಬಲ್ಲ ಆರೋಗ್ಯವಂತರನ್ನು ಅಣ್ಣಿಗೇರಿ ಸೀಮೆಯಲ್ಲಿ ನಾನು ಬೇರೆ ಕಾಣೆ. ಸರಕಾರಿ ಆಸ್ಪತ್ರೆಯ ಪ್ರಯೋಗಾಲಯದ ಈ ತಂತ್ರಜ್ಞರು, ಕ್ಷಯದ ಶಂಕೆಯಿಂದ ಯಾರಾದರೂ ಬಂದರೆಂದರೆ, ಅವರನ್ನು ಹಿತ್ತಿಲ ಬಯಲಿಗೆ ಕರೆದೊಯ್ದು, ಹತ್ತು ಹೆಜ್ಜೆ ದೂರ ನಿಂತು, ಸೊಂಟಕ್ಕೆ ಕೈಯಿಟ್ಟು, ಪಾತಾಳದಿಂದ ಎತ್ತಿ ತಂದಂಥ ಒಂದು ಕೆಮ್ಮನ್ನು ಕೆಮ್ಮಿ ತೋರಿಸುತ್ತಾರೆ. "ಹಿಂಗ ಬರ್ಬೇಕ್ರಿ, ಅಗದಿ ಎದಿಯಾಗಿಂದ!" ಪರೀಕ್ಷೆಗೆ ಕಫದ ಬದಲು ಬರೀ ಬಾಯಿನೀರು ತುಂಬಿದ ಡಬ್ಬಿಯನ್ನು ಜಿಲ್ಲಾಧಿಕಾರಿಯೇ ಕೊಟ್ಟರೂ ಹಿಂದಿರುಗಿಸುವ ಹಟಮಾರಿ ಅವರು. ಪರೀಕ್ಷೆಗೆ ಬಳಸುವ ಕೆಂಬಣ್ಣದ ಕಲೆಗಳಿರುವ ಅವರ ಬಿಳಿ ಕೋಟನ್ನು ಒಗೆದು ಒಗೆದು ಹೆಂಡತಿ ರೇಣುಕವ್ವ ಕೈಚೆಲ್ಲಿದ್ದಾರೆ.

ಕಳೆದ ಶ್ರಾವಣದಲ್ಲಿ ಯಮನೂರಿನ ಜೈನಬಿ ಗಂಡ ಅಲ್ಲಾಭಕ್ಷನೊಡನೆ ಬಂದಳು. ಎಕ್ಸ್‌ರೇ ನೋಡಿ ಕ್ಷಯದ ಗುಳಿಗೆ ಕೊಡಲಾರಂಭಿಸಿ ಮೂರು ತಿಂಗಳಾಗಿದ್ದರೂ ಕೆಮ್ಮು ಬಿಟ್ಟಿರಲಿಲ್ಲ, ಮೈ ಕರಗುತ್ತಲೇ ಇತ್ತು. ಬೇರೊಂದು ಆಸ್ಪತ್ರೆಯಲ್ಲಿ ಎರಡು ಸಲ ಕಫ ಪರೀಕ್ಷಿಸಿದಾಗಲೂ ಏನೂ ಸಿಕ್ಕಿರಲಿಲ್ಲ. ಆಕೆ ಗುಳಿಗೆಗಳನ್ನು ಕದ್ದು ಚೆಲ್ಲುತ್ತಾಳೆಂದು ಗಂಡನಿಗೇ ಗುಮಾನಿ; ಒಂದನ್ನೂ ಬಿಡದೆ ನುಂಗಿದ್ದೇನೆಂದು ಆಕೆ ಎಷ್ಟು ಹೇಳಿದರೂ ಅವನು ನಂಬಿರಲಿಲ್ಲ. ಅಂದಾನೆಪ್ಪ ಆಕೆಯ ಡಬ್ಬಿಯನ್ನು ಬೆಳಕಿಗೆ ಹಿಡಿದರು. ಒಳಗಿದ್ದದ್ದು ತಿಳಿನೀರು.

"ಇದು ಉಗುಳಲ್ಲೇನ್ರಿ, ಅಕ್ಕಾರ?"

"ಹೊಲಸು ಹೆಂಗ ಕೊಡ್ಲಿರಿ ಅಣ್ಣಾರ, ಮಂದಿ ಕೈಯಾಗ? ಬಾಯಿ ತೊಳಕೊಂಡು ಸ್ವಚ್ಛ ಇದ್ದದ್ದು ಕೊಟ್ಟೇನ್ರಿ."

ಅಂದಾನೆಪ್ಪ ನಗಲಿಲ್ಲ. ಹಿಂದಿನ ಎರಡು ಪರೀಕ್ಷೆಗಳು ಈ ಮರ್ಯಾದೆಯಿಂದಲೇ ಕೆಟ್ಟಿದ್ದವೆಂದು ಅವರಿಗೆ ಥಟ್ಟನೆ ಹೊಳೆಯಿತು. "ನನಗ ಹೊಲಸ ಬೇಕ್ರಿ," ಎಂದು ಆಕೆಗೆ ಬೆನ್ನು ತಿರುಗಿಸಿ ನಿಂತು, ಆಕೆಯ ಸದ್ದು ಬೇರೆಯವರಿಗೆ ಕೇಳದಂತೆ ತಾವೇ ಗಟ್ಟಿಯಾಗಿ ಕೆಮ್ಮತೊಡಗಿದರು.

ಈ ಸಲ ಬಂದದ್ದು ಅಸಲು ಕಫ. ಕ್ಷಯದ ಕ್ರಿಮಿ ಇದೆಯೇ, ಔಷಧಕ್ಕೆ ಬಗ್ಗುತ್ತದೆಯೇ ಎಂದು ಪತ್ತೆಹಚ್ಚುವ ಯಂತ್ರದೊಳಗೆ ಅದು ಇದ್ದ ಎರಡು ಗಂಟೆ ಅಂದಾನೆಪ್ಪ ಚಹಾ ಮುಟ್ಟದೆ, ತಮ್ಮ ಪುಟುಪುಟು ನಡಿಗೆಯಲ್ಲಿ ಮೊಗಸಾಲೆಯನ್ನು ಅಳೆದದ್ದೇ ಅಳೆದದ್ದು. ಕಡೆಗೆ ಫಲಿತಾಂಶದ ಕಾಗದ ಹಿಡಿದು ಓಡಿಬಂದರು.

"ಅಲ್ಲಾಭಕ್ಷಣ್ಣ, ನುಂಗಿದ ಗುಳಿಗಿ ನಾಟೇ ಇಲ್ಲಪಾ! ಈ ಕ್ರಿಮಿ ಆ ಔಷಧಕ್ಕ ಬಗ್ಗೂದಲ್ಲ. ಅಕ್ಕಾರು ಖರೇನ ಹೇಳ್ಯಾರ! ಇದಕ್ಕ ಬ್ಯಾರೆ ಔಷಧ ಅದಾವ, ನಡೀರಿ, ಈಗ ಡಾಕ್ಟರ ಕಡೆ ಹೋಗೂಣು!"

ತನ್ನ ರೋಗ ಎಣಿಸಿದ್ದಕ್ಕಿಂತ ಬಿರುಸಾದದ್ದೆಂದು ತಿಳಿದ ಜೈನಬಿ, ಮೂರು ತಿಂಗಳಲ್ಲಿ ಮೊದಲ ಸಲ ಗಂಡನನ್ನು ನೆಟ್ಟಗೆ ನೋಡಿದಳು. "ಕೇಳಿದ್ರಿಲ್ಲೋ? ನಾ ಒಂದೂ ಚೆಲ್ಲಿಲ್ಲ." ಅಲ್ಲಾಭಕ್ಷ ತಲೆ ತಗ್ಗಿಸಿದ.

ರೋಗಿಯ ಬಗ್ಗೆ ಕನಿಕರಪಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ರೋಗಿ ಹೇಳುವುದು ನಿಜವಿದ್ದೀತೆಂದು ಬಗೆದು, ಅದರ ಪುರಾವೆಯನ್ನು ಆಕೆಯ ಕಫದಲ್ಲೂ ಹುಡುಕಿ ತೆಗೆಯುವವರು ವಿರಳ. ಅಂಥವರಿರುವ ಕಡೆ ಔಷಧ ಸೋತಾಗ ಆ ತಪ್ಪನ್ನು ರೋಗಿ ಹೊರಬೇಕಾಗಿಲ್ಲ.