ಕನಮಡಿಯ ಗೋಡೆಗೆ ಬಂದ ಸೂರ್ಯನ ಗಾಳಿ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಗೌತಮಿಯ ಯಂತ್ರ ಒಂದು ದಿನವೂ ನೆಟ್ಟಗೆ ನಿಲ್ಲಲಿಲ್ಲ. ಯಂತ್ರವೆಂದರೆ ದೊಡ್ಡದೇನಲ್ಲ: ಗಾಜಿನ ಭರಣಿಯೊಳಗೆ ರೇಷ್ಮೆ ಎಳೆಯಿಂದ ತೂಗುವ ಆಯಸ್ಕಾಂತದ ಕಡ್ಡಿ, ಅದಕ್ಕಂಟಿಸಿದ ಚೂರು ಕನ್ನಡಿ, ಕನ್ನಡಿಗೆ ಬಡಿದು ಎದುರು ಗೋಡೆಗೆ ಬೀಳುವ ಕೆಂಪು ಲೇಸರ್ ಬೆಳಕಿನ ಚುಕ್ಕೆ. ಭೂಮಿಯ ಆಯಸ್ಕಾಂತ ಶಕ್ತಿ ಕೊಂಚ ಏರುಪೇರಾದರೂ ಚುಕ್ಕೆ ಸರಿಯಬೇಕು. ಆದರೆ ಓಣಿಯಲ್ಲಿ ಆಟೋ ಹಾದರೂ, ಪಕ್ಕದ ಅಂಗಡಿಯ ಶಟರ್ ಎತ್ತಿದರೂ ಅದು ಸರಿಯುತ್ತಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೌತಮಿಯ ಪಾಡು ನೋಡಿ ಅವಳ ವಿದ್ಯಾರ್ಥಿನಿ ಸುವರ್ಣಾ, "ನಮ್ಮೂರಿಗೆ ತರ್ರಿ ಮ್ಯಾಡಂ. ಕನಮಡ್ಯಾಗ ನಮ್ಮ ಹೊಲದ ಖೋಲಿ ಖಾಲಿ ಐತಿ" ಎಂದಳು.

ಹಾಗೆ ಯಂತ್ರ ಹೊಲದ ಕೋಣೆ ಸೇರಿ, ಸುವರ್ಣಾಳ ತಾಯಿ ದುಂಡವ್ವನ ಪಾಲಿಗೆ ಬಂತು. ಕುರಿ ಬಿಡುವಾಗೊಮ್ಮೆ, ಕಟ್ಟುವಾಗೊಮ್ಮೆ, ಗೌತಮಿ ಗೋಡೆಯ ಮೇಲೆ ಎಳೆದಿಟ್ಟ ಗೆರೆಯ ಹತ್ತಿರವೇ ಚುಕ್ಕೆ ಇದೆಯೇ ಎಂದು ನೋಡಿ ಫೋನ್ ಮಾಡುವುದು ಅವಳ ಕೆಲಸ. ಎಂಟು ತಿಂಗಳು ಒಂದೇ ಸುದ್ದಿ: "ಗೆರಿ ಹತ್ರನ ಐತ್ರಿ."

೨೦೨೪ರ ಮೇ ಹನ್ನೊಂದರ ಮುಂಜಾನೆ ಮಾತ್ರ ದನಿ ಬೇರೆ ಇತ್ತು. "ಅಕ್ಕೋರ, ಚುಕ್ಕಿ ಗೆರಿ ಬಿಟ್ಟ ಹೋಗೇತ್ರಿ. ನಾಕ ಬೆರಳ ಎಡಕ್ಕ!"

"ಕುಡಗೋಲು, ಸಲಿಕಿ, ಕಬ್ಬಿಣದ್ದ ಏನರ ಸನೇಕ ಇಟ್ಟೀಯೇನ ಯವ್ವಾ?"

"ಇಲ್ರಿ. ಕಾಲುಂಗರ ಸೈತ ತಗದಿಟ್ಟ ಒಳಗ ಹೋಗೇನಿ."

ಗೌತಮಿ ಸಿಕ್ಕ ಬಸ್ಸು ಹತ್ತಿದಳು. ದಾರಿಯ ತಿಕೋಟಾದಲ್ಲಿ ಬಸ್ಸು ನಿಂತಾಗ ಫೋನ್ ತೆರೆದರೆ ಮೊದಲ ಚಿತ್ರವೇ ಲಡಾಖಿನದು. ಹಿಂದಿನ ರಾತ್ರಿಯ ಆಕಾಶ, ಕುಂಕುಮ ಚೆಲ್ಲಿದಂತೆ ಕೆಂಪು. ಅವಳು ಸೀಟಿನಿಂದ ಅರ್ಧ ಎದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಯಾಕ ಬೇ, ಆರಾಮ ಅದೀಯಿಲ್ಲೋ?" ಎಂದು ಕೇಳಿದಾಗ ಗೌತಮಿ ಫೋನನ್ನೇ ಆಕೆಯ ಮುಂದೆ ಹಿಡಿದಳು.

ಕನಮಡಿಯ ಖೋಲಿಯಲ್ಲಿ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ಸುಣ್ಣದ ಗೋಡೆಯ ಮೇಲೆ ಇದ್ದಿಲಿನ ಗುರುತುಗಳು ಸಾಲಾಗಿ ಇಳಿದಿದ್ದವು. ಪ್ರತಿಯೊಂದರ ಪಕ್ಕ ಗಂಟೆ, ನಿಮಿಷ. ದೊಡ್ಡಿಯಲ್ಲಿ ಕುರಿಗಳು ಅರಚುತ್ತಿದ್ದವು.

"ಒಂದರ ಮ್ಯಾಲೊಂದ ಗುರುತ ಬಿದ್ರ ತಿಳಿಯಂಗಿಲ್ಲಂತ, ಪ್ರತಿ ಸಲ ಒಂದ ಬೆರಳ ಕೆಳಗ ಹಾಕ್ಕೋತ ಬಂದೇನ್ರಿ" ಎಂದಳು ದುಂಡವ್ವ. "ಇದನ್ನ ಬಿಟ್ಟ ಹೋಗಾಕ ಮನಸ ಬರವಲ್ದು. ಕುರೀನೂ ಬಿಟ್ಟಿಲ್ಲ."

ಗುರುತುಗಳು ಎಡಕ್ಕೆ ಜಾರಿ, ಏಳೂವರೆ ಹೊತ್ತಿಗೆ ಗೆರೆಯಿಂದ ಅತಿ ದೂರ ಹೋಗಿ, ಆಮೇಲೆ ತಡವರಿಸುತ್ತ ಮರಳುತ್ತಿದ್ದವು. ಗೌತಮಿ ಹೊರಗೆ ಬದುವಿನ ಮೇಲೆ ಹತ್ತಿ ನೆಟ್‌ವರ್ಕ್ ಹಿಡಿದು, ಭೂಕಾಂತ ವೀಕ್ಷಣಾಲಯಗಳ ಅಳತೆಯ ನಕ್ಷೆ ತೆರೆದಳು. ಅಲ್ಲಿನ ಗೆರೆಯಲ್ಲೂ ಅದೇ ಬಾಗು, ಅದೇ ಹೊತ್ತಿಗೆ. ಜಗತ್ತಿನ ಯಂತ್ರಗಳು ಎಳೆದ ಗೆರೆಯನ್ನು ಇಲ್ಲೊಬ್ಬಳು ಇದ್ದಿಲಿನಲ್ಲಿ ಬರೆದಿದ್ದಳು. ಗೌತಮಿ ಫೋನ್ ಹಿಡಿದುಕೊಂಡೇ ಖೋಲಿಗೆ ಮರಳಿದಳು.

"ಯವ್ವಾ, ಸೂರ್ಯನಿಂದ ಯಾವಾಗ್ಲೂ ಸಣ್ಣ ಸಣ್ಣ ಕಣಗಳ ಒಂದ ಗಾಳಿ ಬೀಸ್ತಿರ್ತದ. ಎರಡ ಮೂರ ದಿನದ ಹಿಂದ ಅಲ್ಲಿ ದೊಡ್ಡ ಸ್ಫೋಟ ಆಗಿ, ಆ ಗಾಳಿ ಬಿರುಗಾಳಿ ಆಗಿ ಬಂತು. ಭೂಮಿ ಅಂದ್ರ ದೊಡ್ಡ ಆಯಸ್ಕಾಂತ. ಬಿರುಗಾಳಿ ಅದನ್ನ ಅಲಗಾಡಿಸ್ತು. ಧ್ರುವದ ಕಡೆ ಕಣಗಳು ಮ್ಯಾಲಿನ ಹವಾಕ್ಕ ಬಡದು ಆಕಾಶ ಹೊಳೀತು. ಈ ಸಲ ಎಷ್ಟ ಜೋರಂದ್ರ, ಲಡಾಖಿನ ತನಕ ಕಾಣಿಸ್ಯಾದ."

ದುಂಡವ್ವ ಕೆಂಪು ಆಕಾಶದ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ನಮಗ್ಯಾಕ ಬಣ್ಣ ಕಾಣಲಿಲ್ರಿ?"

"ನಾವು ಧ್ರುವದಿಂದ ಭಾಳ ದೂರ. ಆದ್ರ ಅದೇ ಬಿರುಗಾಳಿ ಭೂಮಿಯ ಸುತ್ತ, ಕೈಗೆ ಹಾಕಿದಂಗ, ವಿದ್ಯುತ್ತಿನ ಬಳಿ ತೊಡಿಸ್ತದ. ಆ ಬಳಿ ಇಲ್ಲಿನ ಆಯಸ್ಕಾಂತ ಶಕ್ತೀನ ತುಸು ತಗ್ಗಿಸ್ತದ, ಕಡ್ಡಿ ತಿರಗಿ ಚುಕ್ಕಿ ಸರೀತದ. ಅದನ್ನ ನೀ ಹಿಡದೀಯಲ್ಲ!"

ದುಂಡವ್ವ ಹೊರಗೆ ಬಂದು, ಸೆರಗು ಮರೆ ಮಾಡಿ ಬಿಸಿಲಿಗೆ ಮುಖವೆತ್ತಿದಳು. ಕೊಯ್ದ ಜೋಳದ ಕೂಳೆ ನಿಂತ ಹೊಲದ ಮೇಲೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ನಮ್ಮನ್ನ ದಾಟಿದ ಮ್ಯಾಲ ಆ ಗಾಳಿ ಎಲ್ಲಿಗೆ ಹೊಂಡತೈತ್ರಿ?"

"ಮಂಗಳ, ಗುರು, ಶನಿ, ಎಲ್ಲಾ ದಾಟಿ ಹೊಂಟ ಬಿಡ್ತದ. ಶನೀನ ಮುಟ್ಟಾಕನ ತಿಂಗಳ ಹಿಡೀತದ."

"ಅಂದ್ರ ಇನ್ನಾ ಹಾದ್ಯಾಗ ಐತಿ," ಎಂದಳು ದುಂಡವ್ವ ಮೆಲ್ಲಗೆ.