ದಂತವರ್ಣದ ಬಾನೆಟ್ಟಿನ ಮೇಲಿನ ಎಣ್ಣೆ

ವಿವೇಕಶಾಲಿಗಳೂ ಸಹನಶೀಲರೂ ಆದ ವಾಚಕ ಮಹಾಶಯರಲ್ಲಿ ಈ ಅಲ್ಪನ ಅರಿಕೆ ಏನೆಂದರೆ, ತಾವು ಎಂದಾದರೂ ಕಾರು ಕೊಳ್ಳುವ ಮನಸ್ಸು ಮಾಡಿದಲ್ಲಿ ಕಪ್ಪನ್ನು ಕೊಳ್ಳಿರಿ, ಕೆಂಪನ್ನು ಕೊಳ್ಳಿರಿ, ಹಸಿರು ಬಣ್ಣವನ್ನಾದರೂ ಕೊಳ್ಳಿರಿ. ದಂತವರ್ಣದ ಕಾರನ್ನು ಮಾತ್ರ ಕೊಳ್ಳಬೇಡಿರಿ. ಅದರಲ್ಲಿಯೂ ಕುಮಾಸಿ ನಗರದಲ್ಲಿ, ಅದರಲ್ಲಿಯೂ ಉತ್ತರದ ಧೂಳುಗಾಳಿ ಬೀಸುವ ತಿಂಗಳುಗಳಲ್ಲಿ, ಅದರಲ್ಲಿಯೂ ತಮ್ಮ ತಾಯಿಯವರು ಬದುಕಿರುವಾಗ, ಖಂಡಿತವಾಗಿ ಕೊಳ್ಳಬೇಡಿರಿ. ಹೀಗೆ ಹೇಳಲು ಕಾರಣವಿದೆ. ಆ ಕಾರಣವೇ ಈ ಕಥೆ.

ಆಗ ನಾನು ಅದೇ ನಗರದ ಸುವಾಮೆ ಬಡಾವಣೆಯ ಹೆದ್ದಾರಿಯ ಪಕ್ಕದಲ್ಲಿ, ಒಂದು ಬೇವಿನ ಮರದ ಕೆಳಗೆ, ಕಾರು ತೊಳೆದು ಹೊಳಪು ಕೊಡುವ ಕಸುಬು ನಡೆಸುತ್ತಿದ್ದೆ. ಹುಟ್ಟಿದ್ದು ಉತ್ತರದ ಸೀಮೆಯಲ್ಲಿ; ಇಲ್ಲಿಗೆ ಬರುವ ಮುಂಚೆ ತೇಮಾದಲ್ಲಿ ಇದ್ದೆ, ಲೋಮೆಯಲ್ಲಿ ಇದ್ದೆ, ತಾಕೊರಾಡಿಯ ಬಂದರಿನಲ್ಲಿಯೂ ಇದ್ದೆ. ಎಲ್ಲಿ ಹೋದರೂ ಒಂದೇ ಪ್ರಶ್ನೆ ನನ್ನನ್ನು ಬೆನ್ನಟ್ಟಿ ಬರುತ್ತಿತ್ತು: ಮೇಣವೋ, ಸೀಲೆಂಟೋ? ಕೇಳುವವನಿಗೆ ಉತ್ತರ ಬೇಕಿರುವುದಿಲ್ಲ. ಅವನ ಭಾವಮೈದುನ ಒಂದು ಹೇಳಿರುತ್ತಾನೆ, ಪಾದ್ರಿ ಇನ್ನೊಂದು ಹೇಳಿರುತ್ತಾನೆ, ಅವರಿಬ್ಬರ ಜಗಳಕ್ಕೆ ನಾನು ತೀರ್ಪುಗಾರನಾಗಬೇಕು, ಅಷ್ಟೆ.

ಆದರೂ ನಾನು ಹೇಳುತ್ತಿದ್ದೆ. ಮೇಣ ಮರದ ಎಲೆಯಿಂದ ಬಂದದ್ದು, ಮೃದು, ಹಳದಿ ಛಾಯೆಯ ಬೆಚ್ಚನೆಯ ಹೊಳಪು ಕೊಡುತ್ತದೆ, ಆದರೆ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ರಸ್ತೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಸೀಲೆಂಟು ಕಾರ್ಖಾನೆಯ ಕೂಸು, ಗಾಜಿನಂತೆ ಗಟ್ಟಿ, ಬಿಳುಪನ್ನು ಬಿಳುಪಾಗಿಯೇ ಇಡುತ್ತದೆ, ಧೂಳು ಅದರ ಮೇಲೆ ಕುಳಿತರೂ ಒಂದು ಬಟ್ಟೆಗೆ ಎದ್ದು ಹೋಗುತ್ತದೆ. ಆದರೆ ಅದಕ್ಕೆ ಬೋಳು ಬಣ್ಣ ಬೇಕು, ಎಣ್ಣೆಯ ಸೋಂಕು ಸಹ ಕೂಡದು. ಬಳಿದ ಮೇಲೆ ಒಂದು ರಾತ್ರಿ ಯಾರೂ ಮುಟ್ಟಕೂಡದು. ತಿಳಿಬಣ್ಣದ ಕಾರಿಗೆ ಆದ್ದರಿಂದ ಸೀಲೆಂಟು. ಮಾತು ಮುಗಿಯಿತು. ಮುಗಿಯಬೇಕಾಗಿತ್ತು.

ಬಾಫೋ ಎಂಬಾತ ಮಾರುಕಟ್ಟೆಯಲ್ಲಿದ್ದ ತನ್ನ ಬಟ್ಟೆಯಂಗಡಿಯನ್ನು ಮಾರಿ, ಜರ್ಮನಿಯಿಂದ ಹಡಗಿನಲ್ಲಿ ಬಂದ ಒಂದು ಹಳೆಯ ದೊಡ್ಡ ಕಾರನ್ನು ಕೊಂಡಿದ್ದ. ಅದರ ಬಣ್ಣ ಅಪ್ಪಟ ದಂತ. ಮದುಮಗಳನ್ನು ಚರ್ಚಿಗೆ ಕರೆದೊಯ್ಯುವುದಕ್ಕೆ ಅದನ್ನು ಬಾಡಿಗೆಗೆ ಬಿಡುವುದು ಅವನ ಜೀವನೋಪಾಯ. ಊರಿನ ಅರ್ಧ ಮದುವೆಗಳನ್ನು ನಡೆಸಿಕೊಡುತ್ತಿದ್ದ ಮ್ಯಾಡಮ್ ಅಟ್ಟಾ ಎಂಬಾಕೆ ಅವನಿಗೆ ಕೆಲಸ ಕೊಡುತ್ತಿದ್ದಳು. ಹಿಂದಿನ ಮದುವೆಯ ಫೋಟೋಗಳಲ್ಲಿ ಮದುಮಗಳ ಹಿಂದೆ, ಬಾನೆಟ್ಟಿನ ನಡುಮಧ್ಯದಲ್ಲಿ, ಕಂದುಬಣ್ಣದ ಶಿಲುಬೆಯೊಂದು ಸ್ಪಷ್ಟವಾಗಿ ಮೂಡಿತ್ತು.

"ಬರೋ ಶನಿವಾರ ಇನ್ನೊಂದು ಅವಕಾಶ ಕೊಡ್ತೀನಿ, ಬಾಫೋ," ಎಂದಿದ್ದಳಂತೆ ಆಕೆ. "ಅವತ್ತೂ ಕಲೆ ಕಂಡ್ರೆ ಆದುಮ್ ಪೇಟೆಯೋನ ಬೆಳ್ಳಿ ಬಣ್ಣದ ಕಾರು ಗೊತ್ತು ಮಾಡ್ಕೋತೀನಿ. ಈ ಬೇಸಿಗೆ ಮದುವೆ ಎಲ್ಲಾ ಅವನಿಗೇ."

ಅಂಗಡಿ ಹೋಗಿದೆ, ಕಾರೂ ನಿಂತರೆ ಬಾಫೋ ಏನು ತಿನ್ನಬೇಕು?

ಆ ಶಿಲುಬೆ ಎಲ್ಲಿಂದ ಬಂತೆಂದು ನಾನು ಕೇಳಿದೆ. ಬಾಫೋ ಆಕಾಶ ನೋಡಿದ.

"ನಮ್ಮಮ್ಮ," ಎಂದ.

ಮಾಮೆ ಪೊಕುವಾಳನ್ನು ಸುವಾಮೆಯಲ್ಲಿ ಅರಿಯದವರಿಲ್ಲ. ಆಕೆಯ ಹಿರಿಯ ಮಗ ಕ್ವಾಜೋ, ನ್‌ಕಾಕಾ ಎಂಬ ಊರಿನ ಬಳಿಯ ತಿರುವಿನಲ್ಲಿ, ಮರದ ದಿಮ್ಮಿ ಸಾಗಿಸುವ ಲಾರಿಗೆ ಸಿಕ್ಕಿ ಸತ್ತಿದ್ದ. ಪ್ರಾರ್ಥನಾ ಶಿಬಿರದಿಂದ ತಂದ ಎಣ್ಣೆಯನ್ನು ಕಾರಿಗೆ ಹಚ್ಚಿಸಿಕೊಳ್ಳದೆ, ತಡವಾಯಿತೆಂದು ಅವನು ಆ ಬೆಳಿಗ್ಗೆ ಹೊರಟುಬಿಟ್ಟಿದ್ದ. ಅಂದಿನಿಂದ ಆ ಮನೆಯ ಅಂಗಳದಿಂದ ಎಣ್ಣೆಯಿಲ್ಲದೆ ಸೈಕಲ್ಲು ಸಹ ಹೊರಡುವಂತಿರಲಿಲ್ಲ. ಆಕೆ ಸೀಸೆಯನ್ನು ಅಲುಗಿಸಿ, ಹೆಬ್ಬೆರಳು ಅದ್ದಿ, ಬಾನೆಟ್ಟಿನ ಮೇಲೆ ಶಿಲುಬೆ ಬರೆಯುವಳು. ರಸ್ತೆಯ ಧೂಳು ಬಂದು ಅದಕ್ಕೆ ಬಣ್ಣ ತುಂಬುವುದು.

"ಬೇಡ ಅನ್ನೋಕಾಗಲ್ವಾ?" ಎಂದೆ.

"ನೀನೇ ಹೇಳು ನೋಡೋಣ, ಅಕೊಲ್ಗೊ. ನಿನ್ ಹಲ್ಲು ಉಳಿದ್ರೆ ನಾನೂ ಹೇಳ್ತೀನಿ."

ಬುಧವಾರ ನಾನು ಪಾತ್ರೆ ತೊಳೆಯುವ ಸೋಪಿನಿಂದ ಕಾರನ್ನು ಬೋಳಾಗುವ ತನಕ ಉಜ್ಜಿ, ಸೀಲೆಂಟು ಬಳಿದೆ. ಇದು ಕಪ್ಪು ಕಾರಿನ ಕೆಲಸದಂತಲ್ಲ. ಕಪ್ಪಿನ ಮೇಲೆ ಒಣಗಿದ ಪೊರೆ ಬೂದಿಯಂತೆ ಎದ್ದು ಕಾಣುತ್ತದೆ. ಎಲ್ಲಿ ಒರೆಸಿಲ್ಲವೆಂದು ಕುರುಡನಿಗೂ ತಿಳಿಯುತ್ತದೆ. ದಂತವರ್ಣದ ಮೇಲೆ ಏನೂ ಕಾಣುವುದಿಲ್ಲ. ಕತ್ತು ವಾರೆ ಮಾಡಿ, ಅಂಗೈಯಿಂದ ತಡವಿ, ಎಲ್ಲಿ ಜಾರುತ್ತದೆ ಎಲ್ಲಿ ತಡೆಯುತ್ತದೆ ಎಂದು ನೋಡಿಕೊಂಡು ಒರೆಸಬೇಕು. ಸಂಜೆ ಕಾರು ಕೊಡುವಾಗ, ನಾಳೆಯ ತನಕ ಒಂದು ನೊಣವೂ ಕೂರಬಾರದೆಂದು ತಾಕೀತು ಮಾಡಿದೆ.

ಗುರುವಾರ ಬೆಳಿಗ್ಗೆ ಬಾಫೋ ಮರಳಿ ಬಂದ. ಬಾನೆಟ್ಟಿನ ಮೇಲೆ ಶಿಲುಬೆ. ಇನ್ನೂ ಹಸಿಯಾಗಿದ್ದ ಸೀಲೆಂಟಿನೊಳಗೆ ಎಣ್ಣೆ ಬೆರೆತು, ಧೂಳು ಬೆರೆತು, ಮೂರೂ ಒಂದಾಗಿ ಕುಳಿತಿದ್ದವು.

"ನೊಣ ಕೂರಬಾರ್ದು ಅಂದಿದ್ನಲ್ಲಯ್ಯ!"

"ನೊಣ ಕೂರ್ಲಿಲ್ಲ," ಎಂದ ಬಾಫೋ, "ಅಮ್ಮ ನಿಂತಿದ್ಳು."

ಮತ್ತೆ ಸೋಪು, ಮತ್ತೆ ಉಜ್ಜಾಟ, ಮತ್ತೆ ಸೀಲೆಂಟು. ಈ ಸಲ ಕಾರನ್ನು ನಾನು ಬಿಟ್ಟುಕೊಡಲಿಲ್ಲ. ಬೇವಿನ ಮರದ ಆಚೆಯ ತಗಡಿನ ಕೊಟ್ಟಿಗೆಯೊಳಗೆ ನಿಲ್ಲಿಸಿ ಬೀಗ ಹಾಕಿದೆ. ಶುಕ್ರವಾರ ಬೆಳಿಗ್ಗೆ ಹೊರತೆಗೆದಾಗ, ವಾಚಕ ಮಹಾಶಯರೇ, ಅದು ಕಾರಾಗಿರಲಿಲ್ಲ, ಕಾಯಿಸಿದ ಹಾಲಿನ ಮೇಲಿನ ಕೆನೆಯಾಗಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ. ಆ ಸುಖ ಬಹಳ ಹೊತ್ತು ಉಳಿಯಲಿಲ್ಲ.

"ಏಯ್ ಉತ್ತರದೋನೇ! ನನ್ ಮಗನ್ ಕಾರು ಕದ್ದು ಬಚ್ಚಿಡೋಷ್ಟು ಧೈರ್ಯ ಬಂತಾ ನಿಂಗೆ?"

ಮಾಮೆ ಪೊಕುವಾ ಸೀಸೆಯನ್ನು ಕೈಯಲ್ಲಿ ಹಿಡಿದು, ರಸ್ತೆ ದಾಟಿ ಬರುತ್ತಿದ್ದಳು. ಅವಳ ಹಿಂದೆ ಬಾಫೋ, ಕೋರ್ಟಿಗೆ ಬರುವ ಸಾಕ್ಷಿಯಂತೆ. ನಾನು ಬಾಯಿ ತೆರೆಯುವುದರೊಳಗೆ ಆಕೆ ಸೀಸೆಯನ್ನು ಅಲುಗಿಸಿದಳು. ಅದರಲ್ಲಿ ಇದ್ದುದು ಬರಿಯ ಎಣ್ಣೆಯಲ್ಲ. ಶಿಬಿರದ ನೀರಿನೊಡನೆ ಕಲಕಿದ ಎಣ್ಣೆ. ಹೆಬ್ಬೆರಳು ಅದ್ದಿ, ಬಾನೆಟ್ಟಿನ ಮೇಲೆ ಉದ್ದನೆಯ ಗೆರೆಯೊಂದನ್ನು ಎಳೆದಳು.

ಗೆರೆ ನಿಲ್ಲಲಿಲ್ಲ. ರಾತ್ರಿಯೆಲ್ಲ ಗಟ್ಟಿಯಾಗಿದ್ದ ಸೀಲೆಂಟಿನ ಮೇಲೆ ಅದು ಮುತ್ತುಮುತ್ತಾಗಿ ಒಡೆದು, ಮುತ್ತುಗಳು ಒಂದನ್ನೊಂದು ಕೂಡಿಕೊಂಡು, ಇಳಿಜಾರಿನಲ್ಲಿ ಸರಸರನೆ ಜಾರಿ, ನೆಲಕ್ಕೆ ಬಿದ್ದವು. ಬೇರೆ ದಿನವಾಗಿದ್ದರೆ, ಬೇರೆ ಗಿರಾಕಿಯಾಗಿದ್ದರೆ, ಅದನ್ನು ತೋರಿಸಿಯೇ ನಾನು ನನ್ನ ಸರಕಿನ ಗುಣಗಾನ ಮಾಡುತ್ತಿದ್ದೆ.

ಮಾಮೆ ಪೊಕುವಾ ಎರಡನೆಯ ಗೆರೆ ಎಳೆದಳು. ಅದೂ ಜಾರಿತು. ಆಕೆಯ ಮುಖದ ಬಣ್ಣ ಇಳಿಯಿತು.

"ಉಗೀತಾ ಇದೆ," ಎಂದಳು ಮೆಲ್ಲನೆ. "ಕಾರು ದೇವರ ಎಣ್ಣೇನ ಉಗೀತಾ ಇದೆ."

"ಅಮ್ಮಾ, ಅದು ಸೀಲೆಂಟು..." ಎಂದ ಬಾಫೋ.

"ಇದ್ರಲ್ಲಿ ನೀನು ಹೋಗೋ ಹಾಗಿಲ್ಲ." ನನ್ನ ಬಕೆಟ್ಟನ್ನು ಬೋರಲು ಹಾಕಿ, ಕಾರಿನ ಮೂತಿಯ ಮುಂದೆ ಇಟ್ಟು, ಆಕೆ ಅದರ ಮೇಲೆ ಕುಳಿತಳು. "ಹೋಗ್ಬೇಕಾ? ನನ್ ಮೇಲೆ ಹತ್ತಿಸ್ಕೊಂಡು ಹೋಗು."

ಜನ ಸೇರಿತು. ಎದುರಿಗೆ ಮೆಕ್ಕೆಜೋಳದ ಕಡುಬಿನಂಥ ಕೆಂಕೆಯನ್ನೂ ಹುರಿದ ಮೀನನ್ನೂ ಮಾರುತ್ತಿದ್ದ ಎಸೆನಾಮ್ ಒಲೆ ಬಿಟ್ಟು ಬಂದಳು.

"ಇವನ್ ಹಾಕಿರೋ ಮದ್ದೇ ಏನೋ ಸರಿ ಇಲ್ಲ, ಮಾಮೆ. ನಾನು ಮೊದ್ಲೇ ಅಂದ್ಕೊಂಡೆ. ಬಿಸಿಲಲ್ಲಿ ಕಣ್ಣು ಕುಕ್ಕುತ್ತೆ."

"ಕಣ್ಣು ಕುಕ್ಲಿ ಅಂತಾನೇ ಹಾಕೋದಮ್ಮ ತಾಯಿ!" ಎಂದು ನಾನು ಕೂಗಿದೆ. "ನಿನ್ ಮೀನು ನೋಡ್ಕೋ ಹೋಗು, ಸೀದು ಹೋಗ್ತಿದೆ."

ಬಾಫೋ ನನ್ನ ತೋಳು ಹಿಡಿದು ಮರದ ಹಿಂದಕ್ಕೆ ಎಳೆದೊಯ್ದ. "ಬಿಷಪ್ಪು ಆಶೀರ್ವಾದ ಮಾಡಿ ಕೊಟ್ಟ ಸೀಲೆಂಟು ಅಂತ ಹೇಳಿಬಿಡು, ಅಕೊಲ್ಗೊ. ನಿನ್ ಕಾಲು ಹಿಡ್ಕೋತೀನಿ. ನಾಳೆ ಬೆಳಿಗ್ಗೆ ಮದುವೆ."

ಹೇಳಲು ನನಗೇನೂ ಅಡ್ಡಿಯಿರಲಿಲ್ಲ. ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ಹೇಳಿದ್ದೇನೆ. ಆಕೆಯ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತೆ. ಆಕೆ ನಾನು ಮಾತಾಡುವ ಮುಂಚೆಯೇ ಮಾತಾಡಿದಳು.

"ನಮ್ ಕ್ವಾಜೋನೂ ಅವತ್ತು ಕಾರು ತೊಳೆಸ್ಕೊಂಡೇ ಹೋದ. ಫಳಫಳ ಅಂತಿತ್ತು. ಆ ಹೊಳಪು ಅವನನ್ನ ಸಾಯದ ಹಾಗೆ ಹಿಡ್ಕೊಳ್ತಾ? ನಿನ್ ಬಾಟ್ಲಿ ಇವನನ್ನ ಹಿಡ್ಕೊಳ್ಳುತ್ತಾ? ಹೇಳು, ಹಿಡ್ಕೊಳ್ಳುತ್ತೆ ಅಂದ್ರೆ ಏಳ್ತೀನಿ."

ಬಾಟಲಿಯ ಮೇಲೆ ಬರೆದದ್ದು ನನಗೆ ಬಾಯಿಪಾಠವಾಗಿತ್ತು. ಆರು ತಿಂಗಳು ಹೊಳಪು, ಮಳೆಬಿಸಿಲಿಗೆ ರಕ್ಷೆ. ಮಗನನ್ನು ಹಿಡಿದುಕೊಳ್ಳುವ ವಿಷಯ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಬಿಷಪ್ಪರ ಸುಳ್ಳನ್ನು ಅಲ್ಲಿಗೇ ಕೈಬಿಟ್ಟೆ.

"ಇಲ್ಲ, ಮಾಮೆ," ಎಂದೆ. ಬಾಫೋ ತಲೆಯ ಮೇಲೆ ಕೈ ಹೊತ್ತುಕೊಂಡ.

ಎದ್ದು ನಿಂತವನು, ಯಾರ ಮೇಲೆಂದು ತಿಳಿಯದ ಸಿಟ್ಟಿನಿಂದ, ಕೊಟ್ಟಿಗೆಯೊಳಕ್ಕೆ ಹೋಗಿ ಹಳೆಯ ಮೇಣದ ಡಬ್ಬಿಯನ್ನು ತಂದು ಆಕೆಯ ಮುಂದೆ ಕುಕ್ಕಿದೆ.

"ಸೀಲೆಂಟಿಗೆ ಎಣ್ಣೆ ಅಂದ್ರೆ ಆಗಲ್ಲ. ಮೇಣಕ್ಕೆ ಆಗುತ್ತೆ, ಅದು ಹುಟ್ಟೋದೇ ಎಣ್ಣೆ ಜೊತೆ. ನಿಮ್ ಎಣ್ಣೇನ ಇದ್ರೊಳಗೇ ಕಲಸ್ತೀನಿ. ಒಂದು ಶಿಲುಬೆ ಅಲ್ಲ, ಇಡೀ ಕಾರಿಗೆ ಹಚ್ಚೋಣ. ಚಾವಣಿ, ಬಾಗಿಲು, ಡಿಕ್ಕಿ, ಎಲ್ಲಾ. ಜಾರಲ್ಲ, ಹೋಗಲ್ಲ. ಸಾಕಾ?"

ಆಕೆ ಡಬ್ಬಿಯನ್ನು ಮೂಸಿ ನೋಡಿದಳು. ನನ್ನನ್ನು ನೋಡಿದಳು.

"ನಾನೇ ಹಚ್ತೀನಿ," ಎಂದಳು.

"ಅದಕ್ಕೊಂದು ಕ್ರಮ ಇದೆ, ಮಾಮೆ, ಸುಮ್ಮನೆ..."

"ನಾನೇ ಹಚ್ತೀನಿ ಅಂದೆ."

ಎರಡು ದಿನ ಬೆವರು ಸುರಿಸಿ ಕೂರಿಸಿದ್ದ ಸೀಲೆಂಟನ್ನು ನನ್ನ ಕೈಯಾರೆ ಕಿತ್ತು ತೆಗೆದೆ. ಆ ಗಳಿಗೆಯ ಸಂಕಟವನ್ನು ವರ್ಣಿಸುವುದಿಲ್ಲ. ಸೀಸೆಯನ್ನು ನೆರಳಿನಲ್ಲಿ ನಿಲ್ಲಿಸಿ, ನೀರು ತಳಕ್ಕೆ ಇಳಿದ ಮೇಲೆ, ಮೇಲೆ ತೇಲಿದ ಎಣ್ಣೆಯಲ್ಲಿ ಕೆಲವು ಹನಿಗಳನ್ನಷ್ಟೇ ಚಮಚದಿಂದ ತೆಗೆದು, ಎಸೆನಾಮಳ ಒಲೆಯ ಬಿಸಿಯಲ್ಲಿ ಮೇಣ ಕರಗಿಸಿ ಬೆರೆಸಿದೆ. ಮಾಮೆ ಪೊಕುವಾ ಚಪ್ಪಲಿ ಬಿಟ್ಟು, ತಲೆವಸ್ತ್ರ ಬಿಗಿದು, ಬಾನೆಟ್ಟಿನಿಂದ ಆರಂಭಿಸಿದಳು. ದಂತವರ್ಣದ ಮೇಲೆ ಹಚ್ಚಿದ್ದು ಕಾಣುವುದಿಲ್ಲವೆಂದು ನಾನು ಗೊಣಗುತ್ತಲೇ ಇದ್ದೆ. ಆಕೆ ಕಾಣಲು ಯತ್ನಿಸಲೇ ಇಲ್ಲ. ಕಣ್ಣು ಮುಚ್ಚಿ, ತುಟಿಯಲ್ಲಿ ಏನನ್ನೋ ಹೇಳಿಕೊಳ್ಳುತ್ತ, ಮಗುವಿಗೆ ಎಣ್ಣೆ ತೀಡುವ ತಾಯಿಯಂತೆ, ತಗಡಿನ ಒಂದೊಂದು ತಿರುವನ್ನೂ ಅಂಗೈಯಿಂದ ತಡವಿ ತೀಡಿದಳು. ಚಾಲಕನ ಬಾಗಿಲಿನ ಬಳಿ ಬಹಳ ಹೊತ್ತು ನಿಂತಳು. ಬಾಫೋ ಆ ಕಡೆ ನೋಡದೆ ಚಕ್ರದ ಬೋಲ್ಟುಗಳನ್ನು ಒರೆಸತೊಡಗಿದ. ನಾನು ಹಿಂದಿನಿಂದ ಒರೆಸುತ್ತ ಬಂದೆ. ಮುಗಿಯುವಾಗ ಮಧ್ಯಾಹ್ನದ ಬಿಸಿಲು ಓರೆಯಾಗಿತ್ತು.

ಶನಿವಾರ ಕಾರು ಹೋಯಿತು. ಸಂಜೆಗೆ ಬಾಫೋ ಫೋನಿನಲ್ಲಿ ಕುಣಿದ.

"ಮ್ಯಾಡಮ್ ಅಟ್ಟಾ ಏನಂದ್ಳು ಗೊತ್ತಾ? ಫೋಟೋದಲ್ಲಿ ಕಾರು ಚಿನ್ನದ ನೀರಲ್ಲಿ ಅದ್ದಿದ ಹಾಗಿದೆಯಂತೆ. ಬೇಸಿಗೆ ಮದುವೆ ಎಲ್ಲಾ ನಮ್ದೇ! ಮದುಮಗಳ ಚಿಕ್ಕಪ್ಪ ಯಾವ ಸೀಲೆಂಟು ಅಂತ ಕೇಳ್ದ."

"ನೀನೇನಂದೆ?"

"ಇದ್ದಿದ್ದು ಇದ್ದ ಹಾಗೆ ಹೇಳ್ದೆ. ಅಮ್ಮನ ಎಣ್ಣೆ ಅಂತ."

ಅವನ ಸಂತೋಷಕ್ಕೆ ನಾನು ಅಡ್ಡ ಬರಲಿಲ್ಲ. ಆ ಮೇಣ ಎರಡು ವಾರ ಬಾಳಿದರೆ ಹೆಚ್ಚು, ಅಷ್ಟರೊಳಗೆ ಧೂಳು ಹಿಡಿದು ಕಾರು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಪ್ರತಿ ಸಲವೂ ಹೀಗೆಯೇ ಕಿತ್ತು ಹೀಗೆಯೇ ಹಚ್ಚಬೇಕು ಎಂದಷ್ಟೇ ಹೇಳಿದೆ. "ಅಮ್ಮ ಹಚ್ತಾಳೆ ಬಿಡು. ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ಳು," ಎಂದ.

ಸೋಮವಾರ ಬೆಳಿಗ್ಗೆ ಬೇವಿನ ಮರದಿಂದ ಪೆಟ್ರೋಲ್ ಬಂಕಿನ ತನಕ ಕಾರುಗಳು ಸಾಲಾಗಿ ನಿಂತಿದ್ದವು. ಬಿಳಿ, ಬೆಳ್ಳಿ, ಕೆನೆ, ಮುತ್ತು, ಒಂದಾದರೂ ಕಪ್ಪಿರಲಿಲ್ಲ. ಪ್ರತಿಯೊಬ್ಬ ಚಾಲಕನ ಕೈಯಲ್ಲಿಯೂ ಒಂದೊಂದು ಸೀಸೆ.

"ಮಾಸ್ಟರ್, ನಮ್ ಪ್ರವಾದಿ ಕೊಟ್ಟಿದ್ದು, ಕಲಸಿಕೊಡು."

"ಇದು ತೆಂಗಿನೆಣ್ಣೆ, ನಮ್ ಅಜ್ಜೀದು. ಆಗುತ್ತೆ ತಾನೆ?"

"ನಮ್ ಮಾವ ಎಣ್ಣೆ ನಂಬಲ್ಲ. ಪಿತೃಗಳಿಗೆ ಸುರಿಯೋ ಜಿನ್ ಕೊಟ್ಟಿದಾನೆ. ಇದನ್ನೇ ಕಲಸು."

"ಜಿನ್ ಹಾಕಿದ್ರೆ ಮೇಣ ಕಿತ್ಕೊಂಡು ಬರುತ್ತಯ್ಯಾ!"

"ಅಂದ್ರೆ ನಮ್ ಪಿತೃಗಳು ಕಡಿಮೆನಾ?"

ಒಬ್ಬನಾದರೂ, ದಯಮಾಡಿ ಗಮನಿಸಿರಿ, ಒಬ್ಬನಾದರೂ ಮೇಣವೋ ಸೀಲೆಂಟೋ ಎಂದು ಕೇಳಲಿಲ್ಲ. ಅಷ್ಟು ವರ್ಷ ನನ್ನನ್ನು ಗೋಳು ಹೊಯ್ದುಕೊಂಡ ಆ ಪ್ರಶ್ನೆ ಬೇಕೆನಿಸಿದ್ದು ಅಂದೇ.

ನಾನು ಒಣಗಿದ ಬಟ್ಟೆಗಳನ್ನು ಹಗ್ಗದಿಂದ ಎಳೆದುಕೊಂಡು ಗಂಟು ಕಟ್ಟಿದೆ. ಸ್ಪಂಜು, ಕುಂಚ, ತೆರೆಯದ ಸೀಲೆಂಟಿನ ಬಾಟಲಿಗಳು ಚೀಲ ಸೇರಿದವು. ಮೇಣದ ಡಬ್ಬಿಗಳನ್ನೂ ಕೊಟ್ಟಿಗೆಯ ಬೀಗದ ಕೈಯನ್ನೂ ಎಸೆನಾಮಳ ಹಲಗೆಯ ಮೇಲೆ ಇಟ್ಟೆ.

"ಎಲ್ಲಿಗೆ?" ಎಂದಳು.

"ಉತ್ತರಕ್ಕೆ, ವಾ ಅನ್ನೋ ಊರಿನ ಕಡೆಗೆ. ಅಲ್ಲಿ ಮೋಟಾರ್ ಸೈಕಲ್ಲೇ ಜಾಸ್ತಿಯಂತೆ. ಅದಕ್ಕೆ ಬಾನೆಟ್ಟಿರಲ್ಲ."

"ಇವರಿಗೆಲ್ಲಾ ಏನ್ ಹೇಳ್ಲಿ?"

"ಮಾಮೆ ಪೊಕುವಾ ಮನೆ ದಾರಿ ತೋರಿಸು," ಎಂದು ಚೀಲವನ್ನು ಹೆಗಲಿಗೇರಿಸಿಕೊಂಡೆ. ಸಾಲಿನಲ್ಲಿದ್ದವರು ಹಾರ್ನು ಬಾರಿಸತೊಡಗಿದ್ದರು. ನಾನು ರಸ್ತೆ ದಾಟಿ ಬಸ್ ನಿಲ್ದಾಣದ ಕಡೆಗೆ ನಡೆದೆ.