ಏಕಾಂತಯ್ಯ ಕಳಿಸಿದ ಲೊಕೇಶನ್

"ಸೋಮವಾರ ಗಂಟಲಿನ ಆಪರೇಷನ್ ಕಣಕ್ಕ. ಆಮೇಲೆ ದನಿ ಉಳಿಯುತ್ತೋ ಇಲ್ವೋ, ಡಾಕ್ಟರೂ ಹೇಳ್ತಿಲ್ಲ" ಎಂದ ತಮ್ಮ ಏಕಾಂತಯ್ಯ, ಶನಿವಾರ ಫೋನಿನಲ್ಲಿ. ಅವನು ಹಗರೆ ಕಡೆ ಹೊಸ ತೋಟಕ್ಕೆ ಹೋದ ಮೇಲೆ ನಾನು ಆ ಮನೆ ನೋಡಿರಲಿಲ್ಲ. "ಲೊಕೇಶನ್ ಕಳಿಸ್ತೀನಿ, ಬಂದ್ಬಿಡು" ಅಂದ.

ಮಾರನೆಯ ದಿನ ಮಗಳು ಸಿರಿ ಕಾರು ತೆಗೆದಳು. ಅರಸೀಕೆರೆ ಬಿಟ್ಟೆವು, ಜಾವಗಲ್ಲು ದಾಟಿದೆವು. ಫೋನಿನೊಳಗಿನ ಹೆಂಗಸು ಬಲಕ್ಕೆ, ಎಡಕ್ಕೆ ಎನ್ನುತ್ತಿದ್ದಳು. ನಾನು ಒಳಗೊಳಗೇ ಪದ್ಯ ಹೇಳಿಕೊಳ್ಳುತ್ತಿದ್ದೆ.

ನಮ್ಮಪ್ಪನ ಪದ್ಧತಿ ಅದು. ದೀಪ ಹಚ್ಚಿದ ಮೇಲೆ ಒಂದು ಷಟ್ಪದಿ; ಮೊದಲ ಮೂರು ಸಾಲು ನನಗೆ, ಉಳಿದ ಮೂರು ತಮ್ಮನಿಗೆ. ಮದುವೆಯಾಗಿ ಬಂದ ಮೇಲೂ ದೇವರ ಮುಂದೆ ನನ್ನ ಮೂರು ಹೇಳಿ ಸುಮ್ಮನಾಗುತ್ತೇನೆ. ಉಳಿದವು ಬರುವುದಿಲ್ಲವೆಂದಲ್ಲ. ಅವು ಅವನವು.

"ಏನಮ್ಮ, ಮ್ಯಾಪಿನೋಳ ಜೊತೆ ಮಾತಾಡ್ತಿದ್ದೀಯಾ?"

"ಅವಳಿಗೆ ರಾಗವೇ ಇಲ್ಲ ಕಣೇ."

ಹಳೇಬೀಡು ಕಳೆದು, ಹಗರೆಗೆ ಮುಂಚೆ ಮಣ್ಣುರಸ್ತೆಗೆ ತಿರುಗಿದೆವು. ಕಾರು ಕೆರೆ ಏರಿ ಹತ್ತಿತು. "ನೀವು ತಲುಪಬೇಕಾದ ಸ್ಥಳ ಬಂದಿದೆ" ಎಂದಳು ಅವಳು. ಇಳಿದು ನೋಡಿದರೆ ಎದುರಿಗೆ ಬರೀ ನೀರು.

ಸಿರಿ ಫೋನ್ ಮಾಡಿದಳು. ಅವನದು ಸಿಗಲಿಲ್ಲ.

ಹುಲ್ಲಿನ ಹೊರೆ ಹೊತ್ತು ಬಂದ ಹೆಂಗಸೊಬ್ಬಳು ನಕ್ಕಳು. "ಅಯ್ನೋರ ಮನೆಗಾ? ಅವ್ರ ತೋಟದಾಗೆ ಸಿಗ್ನಲ್ ಎಲ್ಲೈತವ್ವ! ಫೋನ್ ಒತ್ತೋಕೆ ಎಲ್ರೂ ಈ ಏರಿಗೇ ಬರ್ಬೇಕು. ನೆನ್ನೆ ಇಲ್ಲೇ ನಿಂತ್ಕಂಡು ಒತ್ತುತಿದ್ರು. ಅಗೋ, ಏರಿ ಕೆಳಗೇ, ತೆಂಗಿನ ಹಿಂದೆ ಕೆಂಪು ಹೆಂಚು. ಕಾರು ಇಳಿಯಲ್ಲ, ಹಿಂದಕ್ಕೋಗಿ ಸುತ್ತಿ ಬನ್ನಿ."

"ಮನೇದು ಬಿಟ್ಟು ನಿಂತ ಜಾಗದ್ದೇ ಕಳ್ಸಿದ್ದಾರೆ, ಮಾಮನ ಬುದ್ಧಿಯೇ! ಹತ್ತಮ್ಮ" ಎಂದಳು ಸಿರಿ.

ನಾನು ಹತ್ತಲಿಲ್ಲ. ಅವನು ನಿಂತಿದ್ದ ಜಾಗ. ಹೊತ್ತು ಇಳಿದಿತ್ತು, ದೀಪ ಹಚ್ಚುವ ವೇಳೆ. ಸೆರಗು ಹೊದ್ದು ಆ ಹೆಂಚಿನ ಕಡೆ ತಿರುಗಿ ನನ್ನ ಮೂರು ಸಾಲು ಹೇಳಿದೆ. ಗಾಳಿ ತೋಟದ ಕಡೆಗೇ ಬೀಸುತ್ತಿತ್ತು.

ಬೆಳ್ಳಕ್ಕಿಗಳು ಎದ್ದು ಹೋದವು, ಅಷ್ಟೇ. ಇನ್ನೊಮ್ಮೆ ಹೇಳಿದೆ.

ಗಾಳಿ ತುಸು ನಿಂತಾಗ ತೆಂಗಿನ ಮರಗಳೊಳಗಿಂದ ನಾಲ್ಕನೆಯ ಸಾಲು ಬಂತು. ದನಿ ಒಡೆದಿತ್ತು, ರಾಗ ಮಾತ್ರ ಅಪ್ಪನದೇ. ಐದನೆಯದೂ ಬಂತು. ಆಮೇಲೆ ಕೆಮ್ಮು.

"ಕೊನೇದು ನೀನೇ ಹೇಳ್ಬಿಡಮ್ಮ, ಪಾಪ" ಎಂದಳು ಸಿರಿ ಮೆಲ್ಲಗೆ.

ತುಟಿಯವರೆಗೆ ಬಂದಿತ್ತು. ಬೇಡವೆಂದು ತಲೆಯಾಡಿಸಿದೆ. ಕೆಮ್ಮು ನಿಲ್ಲಲಿ ಶಿವನೇ ಎಂದು ಕೈಮುಗಿದು, ಏರಿಯ ಮೇಲೆ ಕಾಯುತ್ತ ನಿಂತೆ.